ಪರಾನುಭೂತಿ: ಇನ್ನೊಬ್ಬರ ಮನಸ್ಸು ನಮಗೆ ಎಷ್ಟು ತಿಳಿಯುತ್ತದೆ?

ಮನಶ್ಶಾಸ್ತ್ರದ ಪರೀಕ್ಷೆಯಲ್ಲಿ ಪರಾನುಭೂತಿ (empathy) ಅಂದರೇನು ಅಂತ ಕೇಳಿದರೆ ಬಹಳ ಜನ ಬರೆಯುವ ಉತ್ತರ ಒಂದೇ: ಇನ್ನೊಬ್ಬರ ಜಾಗದಲ್ಲಿ ನಮ್ಮನ್ನು ಇಟ್ಟು ನೋಡುವುದು. ಅಂಕ ಬರುತ್ತದೆ, ಸರಿ. ಆದರೆ ಈ ಪಾಠದಲ್ಲಿ ನಾವು ಎಡವುವುದೂ ಇದೇ ಸಾಲಿನಲ್ಲಿ. ಅವರ ಜಾಗದಲ್ಲಿ ನಮ್ಮನ್ನು ಇಟ್ಟರೆ ಅಲ್ಲಿ ಕಾಣುವುದು ನಾವೇ ಅಲ್ವಾ? ಅವರು ಎಲ್ಲಿ ಹೋದರು?

ಮೊದಲು ಎರಡು ಎಳೆ ಬೇರೆ ಮಾಡಿಕೊಳ್ಳೋಣ. ಒಂದು, ಭಾವನೆ ತಾಗುವುದು. ಎದುರಿಗಿದ್ದವರು ಅತ್ತರೆ ನಮ್ಮ ಗಂಟಲೂ ಕಟ್ಟುತ್ತದೆ. ಇನ್ನೊಂದು, ಅವರಿಗೆ ಏನನ್ನಿಸುತ್ತಿದೆ, ಯಾಕೆ ಅನ್ನಿಸುತ್ತಿದೆ ಅಂತ ತಿಳಿಯುವುದು. ಪುಸ್ತಕದ ಮಾತಿನಲ್ಲಿ ಮೊದಲನೆಯದು ಭಾವನಾತ್ಮಕ ಪರಾನುಭೂತಿ, ಎರಡನೆಯದು ಜ್ಞಾನಾತ್ಮಕ ಪರಾನುಭೂತಿ. ಒಂದಿದ್ದರೆ ಇನ್ನೊಂದು ಇರಲೇಬೇಕು ಅಂತಿಲ್ಲ. ನುರಿತ ಮೋಸಗಾರನಿಗೆ ಎದುರಿನವರ ಮನಸ್ಸು ಚೆನ್ನಾಗಿ ಗೊತ್ತಾಗುತ್ತದೆ, ಮರುಕ ಮಾತ್ರ ಹುಟ್ಟುವುದಿಲ್ಲ. ಹಸುಗೂಸಿನದು ತದ್ವಿರುದ್ಧ. ಪಕ್ಕದ ಕೂಸು ಅತ್ತರೆ ತಾನೂ ಅಳುತ್ತದೆ, ಯಾಕೆ ಅಂತ ಅದಕ್ಕೆ ಗೊತ್ತಿರುವುದಿಲ್ಲ.

ತಾಗುವ ಭಾಗಕ್ಕೆ ಟಾನಿಯಾ ಸಿಂಗರ್ ತಂಡದ 2004ರ ಪ್ರಯೋಗ ನೆನಪಿಟ್ಟುಕೊಳ್ಳಿ. 16 ಜೋಡಿಗಳು. ಮಹಿಳೆ ಮಿದುಳಿನ ಸ್ಕ್ಯಾನರ್ ಒಳಗೆ, ಸಂಗಾತಿ ಪಕ್ಕದಲ್ಲಿ. ಒಮ್ಮೆ ಅವಳ ಕೈಗೆ, ಒಮ್ಮೆ ಅವನ ಕೈಗೆ ನೋವಾಗುವ ವಿದ್ಯುತ್ ಕೊಟ್ಟರು. ಯಾರಿಗೆ ಕೊಟ್ಟರೂ ಅವಳ ಮಿದುಳಿನ ಇನ್ಸುಲಾ ಮತ್ತು ಸಿಂಗ್ಯುಲೇಟ್‌ನ ಮುಂಭಾಗಗಳು ಚುರುಕಾದವು. ಇವು ನೋವಿನ ಸಂಕಟಕ್ಕೆ ಸಂಬಂಧಪಟ್ಟ ಜಾಗಗಳು. ನೋವು ಎಲ್ಲಿ, ಎಷ್ಟು ಜೋರು ಅಂತ ಗುರುತಿಸುವ ಸಂವೇದನಾ ಭಾಗ ಚುರುಕಾದದ್ದು ಅವಳದೇ ನೋವಿಗೆ ಮಾತ್ರ. ಅಂದರೆ ಪಾಲು ಸಿಗುವುದು ಸಂಕಟದಲ್ಲಿ, ನೋವಿನಲ್ಲೇ ಅಲ್ಲ.

ಇಲ್ಲೇ ಮಿರರ್ ನ್ಯೂರಾನ್ ವಿಷಯವನ್ನೂ ಮುಗಿಸಿಬಿಡೋಣ. ತಾನು ಒಂದು ಕೆಲಸ ಮಾಡಿದಾಗಲೂ, ಇನ್ನೊಬ್ಬರು ಅದನ್ನೇ ಮಾಡುವುದನ್ನು ನೋಡಿದಾಗಲೂ ಚುರುಕಾಗುವ ನರಕೋಶಗಳಿವು. ಇಟಲಿಯ ಪಾರ್ಮಾದಲ್ಲಿ ರಿಜೊಲಾಟ್ಟಿ ತಂಡ 1990ರ ದಶಕದಲ್ಲಿ ಇವನ್ನು ಗುರುತಿಸಿದ್ದು ಮಂಗಗಳಲ್ಲಿ, ಅದೂ ಕೈಯಿಂದ ವಸ್ತು ಹಿಡಿಯುವಂಥ ಕೆಲಸಗಳಲ್ಲಿ. ಪರಾನುಭೂತಿಗೆ ಅವೇ ಕಾರಣ ಅಂತ ಸುಮ್ನೆ ಬರೆದುಬಿಡಬೇಡಿ. ಅಷ್ಟು ದೂರ ಆ ಪುರಾವೆ ಹೋಗುವುದಿಲ್ಲ.

ಈಗ ತಿಳಿಯುವ ಭಾಗ. ನನಗೆ ಇದೇ ಜಾಸ್ತಿ ಇಷ್ಟ.

1997ರಲ್ಲಿ ರೆಪಾಕೋಲಿ ಮತ್ತು ಗಾಪ್ನಿಕ್ ಪುಟ್ಟ ಮಕ್ಕಳ ಮುಂದೆ ಎರಡು ಬಟ್ಟಲು ಇಟ್ಟರು. ಒಂದರಲ್ಲಿ ಬಿಸ್ಕತ್ತು, ಒಂದರಲ್ಲಿ ಹಸಿ ಬ್ರೊಕೊಲಿ. ಮಕ್ಕಳಿಗೆ ಇಷ್ಟವಾದದ್ದು ಯಾವುದು ಅಂತ ಹೇಳಬೇಕಿಲ್ಲ. ಸಂಶೋಧಕಿ ಎರಡನ್ನೂ ರುಚಿ ನೋಡಿ, ಬಿಸ್ಕತ್ತಿಗೆ ಮುಖ ಸಿಂಡರಿಸಿ, ಬ್ರೊಕೊಲಿಗೆ ಮುಖ ಅರಳಿಸಿದಳು. ಆಮೇಲೆ ಕೈ ಚಾಚಿ "ನಂಗೂ ಸ್ವಲ್ಪ ಕೊಡು" ಅಂದಳು. 14 ತಿಂಗಳ ಮಕ್ಕಳು ಹೆಚ್ಚಾಗಿ ಕೊಟ್ಟದ್ದು ಬಿಸ್ಕತ್ತು. ತಮಗೆ ಇಷ್ಟವಾದದ್ದು ಅವಳಿಗೂ ಇಷ್ಟ! 18 ತಿಂಗಳವರು ಹೆಚ್ಚಾಗಿ ಬ್ರೊಕೊಲಿ ಕೊಟ್ಟರು.

14 ತಿಂಗಳ ಮಗುವಿನದು ಜಿಪುಣತನವಲ್ಲ. ಅದು ಪ್ರೀತಿಯಿಂದಲೇ ಕೊಡುತ್ತಿದೆ, ತಪ್ಪು ವಸ್ತುವನ್ನು ಅಷ್ಟೇ. ದೊಡ್ಡವರಲ್ಲೂ ಇದು ಹೋಗುವುದಿಲ್ಲ. ದುಃಖವಾದಾಗ ಒಬ್ಬನೇ ಇರಲು ಬಯಸುವವನು, ದುಃಖದಲ್ಲಿರುವ ಗೆಳೆಯನನ್ನೂ ಒಂಟಿಯಾಗಿ ಬಿಟ್ಟು ಬರುತ್ತಾನೆ. ಗೆಳೆಯನಿಗೆ ಬೇಕಾಗಿದ್ದದ್ದು ಜೊತೆ.

ಇದನ್ನು ಡೇನಿಯಲ್ ಬ್ಯಾಟ್ಸನ್ ತಂಡ 1997ರಲ್ಲೇ ಇನ್ನೊಂದು ಕಡೆಯಿಂದ ಪರೀಕ್ಷಿಸಿತು. ಕಷ್ಟದಲ್ಲಿರುವ ಯುವತಿಯ ಮಾತನ್ನು ಕೇಳಿಸಿ, ಕೆಲವರಿಗೆ "ಅವಳಿಗೆ ಏನನ್ನಿಸುತ್ತಿದೆ ಅಂತ ಊಹಿಸಿ" ಅಂದರು, ಕೆಲವರಿಗೆ "ಅವಳ ಜಾಗದಲ್ಲಿ ನೀವಿದ್ದರೆ ನಿಮಗೆ ಏನನ್ನಿಸುತ್ತಿತ್ತು ಅಂತ ಊಹಿಸಿ" ಅಂದರು. ಎರಡೂ ಗುಂಪಿನಲ್ಲಿ ಕಳಕಳಿ ಹುಟ್ಟಿತು. ಎರಡನೆಯ ಗುಂಪಿನಲ್ಲಿ ಅದರ ಜೊತೆಗೆ ಸ್ವಂತ ತಳಮಳವೂ ಸೇರಿಕೊಂಡಿತು. ಈ ತಳಮಳ ಸ್ವಲ್ಪ ಕೆಟ್ಟದ್ದು. ಅದು ಜಾಸ್ತಿಯಾದರೆ ನಾವು ಹುಡುಕುವುದು ನಮ್ಮ ಬಿಡುಗಡೆಯ ದಾರಿಯನ್ನು. ವಿಷಯ ಬದಲಿಸುತ್ತೇವೆ, "ಎಲ್ಲಾ ಸರಿಹೋಗುತ್ತೆ ಬಿಡು" ಅಂದು ಎದ್ದು ಹೋಗುತ್ತೇವೆ.

ಹಾಗಾದರೆ ಇನ್ನೂ ಗಟ್ಟಿಯಾಗಿ ಊಹಿಸಿದರೆ ಆಗುತ್ತದೆಯೇ? ಅದೂ ಇಲ್ಲ. ಎಯಾಲ್, ಸ್ಟೆಫೆಲ್ ಮತ್ತು ಎಪ್ಲಿ 2018ರಲ್ಲಿ 25 ಪ್ರಯೋಗಗಳನ್ನು ಒಟ್ಟಿಗೆ ಪ್ರಕಟಿಸಿದರು. ಇನ್ನೊಬ್ಬರ ದೃಷ್ಟಿಯಿಂದ ನೋಡಿ ಅಂತ ಹೇಳಿದ್ದರಿಂದ ಜನರ ಊಹೆ ಹೆಚ್ಚು ಸರಿಯಾಗಲಿಲ್ಲ. ಕೆಲವು ಕಡೆ ತಮ್ಮ ಊಹೆ ಸರಿ ಅನ್ನುವ ಧೈರ್ಯ ಮಾತ್ರ ಹೆಚ್ಚಾಯಿತು. ಉಪಯೋಗಕ್ಕೆ ಬಂದದ್ದು ಅವರನ್ನೇ ಕೇಳಿ ತಿಳಿದುಕೊಳ್ಳುವುದು.

ಆಪ್ತಸಮಾಲೋಚನೆ ಓದುವವರಿಗೆ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಇಲ್ಲಿ ಬೇಕಾಗುತ್ತಾರೆ. ಎದುರಿನವರ ಒಳಜಗತ್ತನ್ನು ತನ್ನದೇ ಎಂಬಂತೆ ಅರಿಯಬೇಕು, ಆದರೆ ಅದು ತನ್ನದಲ್ಲ ಅನ್ನುವ ಎಚ್ಚರ ತಪ್ಪಬಾರದು ಅಂತ ಅವರು 1957ರಲ್ಲಿ ಬರೆದರು. ರೂಢಿಯಲ್ಲಿ ಇದು ಹೀಗಿರುತ್ತದೆ. ಗೆಳತಿ ಪರೀಕ್ಷೆಯಲ್ಲಿ ಫೇಲಾಗಿದ್ದಾಳೆ. "ಗೊತ್ತು ಕಣೇ, ನನಗೂ ಆಗಿತ್ತು" ಅಂದರೆ ಮಾತು ನಮ್ಮ ಕಡೆ ತಿರುಗಿತು. ಬದಲಿಗೆ, "ಮನೇಲಿ ಹೇಗೆ ಹೇಳೋದು ಅನ್ನೋದೇ ಜಾಸ್ತಿ ಕಾಡ್ತಿದೆಯಾ?" ಅಂತ ಕೇಳಿ ನೋಡಿ. "ಇಲ್ಲ, ಮನೇದೇನಿಲ್ಲ. ಅಷ್ಟು ಓದಿದ್ದೂ ದಂಡ ಆಯ್ತಲ್ಲ ಅಂತ" ಅಂದಳು ಅಂತಿಟ್ಟುಕೊಳ್ಳಿ. ನಮ್ಮ ಊಹೆ ತಪ್ಪಾಯಿತು, ಆದರೆ ತಿದ್ದುವ ಅವಕಾಶ ಅವಳಿಗೆ ಸಿಕ್ಕಿತು. ಪ್ರಶ್ನೆಯ ಕೆಲಸ ಅದೇ.

ಕೇಳುವುದಕ್ಕೆ ಸಮಯ ಬೇಕು, ತೊಡಕು ಇರುವುದು ಅಲ್ಲೇ. ಡಾರ್ಲಿ ಮತ್ತು ಬ್ಯಾಟ್ಸನ್ 1973ರಲ್ಲಿ ಪ್ರಿನ್ಸ್‌ಟನ್‌ನ ಧರ್ಮಶಾಸ್ತ್ರ ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವನ್ನು ಈ ಜಾಗದಲ್ಲಿ ಓದಿಕೊಳ್ಳಿ. ದಾರಿ ಬದಿಯಲ್ಲಿ ಕೆಮ್ಮುತ್ತಾ ಕುಸಿದು ಕುಳಿತಿದ್ದವನಿಗೆ, ಆತುರವಿಲ್ಲದ ವಿದ್ಯಾರ್ಥಿಗಳಲ್ಲಿ ಶೇ. 63 ಮಂದಿ ನೆರವಾದರು. ತಡವಾಗಿದೆ, ಬೇಗ ಹೋಗಿ ಅಂತ ಹೇಳಿಸಿಕೊಂಡವರಲ್ಲಿ ಶೇ. 10 ಮಂದಿ ಮಾತ್ರ. ಇದು ಪರಾನುಭೂತಿಯನ್ನು ನೇರವಾಗಿ ಅಳೆದ ಪ್ರಯೋಗವಲ್ಲ. ಆದರೆ "ಪರಾನುಭೂತಿ ಇದ್ದರೂ ಜನ ಯಾಕೆ ನೆರವಾಗುವುದಿಲ್ಲ" ಅಂತ ಪ್ರಶ್ನೆ ಬಂದಾಗ, ಕಲ್ಲು ಮನಸ್ಸು ಅಂತ ಬರೆಯುವ ಮೊದಲು ಗಡಿಯಾರದ ಬಗ್ಗೆಯೂ ಎರಡು ಸಾಲು ಬರೆಯಿರಿ.