ಗುಹೆಯ ಬಾಯಿ ಯಾಕೆ ಅಷ್ಟು ಕಪ್ಪು?

ಚಿತ್ರದಲ್ಲಿ ಗುಹೆ ಕಂಡರೆ ಸಾಕು, 'ಇದು ತಾಯಿಯ ಗರ್ಭದ ಸಂಕೇತ' ಅಂತ ಹೇಳಿ ಮುಗಿಸಿಬಿಡುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಸಂಕೇತ ಆಮೇಲಿನ ಮಾತು. ಮೊದಲು ಕಣ್ಣಿಗೆ ಬೀಳುವುದು ಕಪ್ಪು.

ಚಿತ್ರಕಾರ ಗುಸ್ತಾವ್ ಕೂರ್ಬೆ 1864ರಲ್ಲಿ ಫ್ರಾನ್ಸಿನ ಲೂ ನದಿ ಹುಟ್ಟುವ ಜಾಗವನ್ನು ಮತ್ತೆ ಮತ್ತೆ ಬರೆದ. ಸುಣ್ಣಕಲ್ಲಿನ ದೊಡ್ಡ ಗೋಡೆ, ಅದರಲ್ಲೊಂದು ಗುಹೆ, ಒಳಗಿಂದ ನುಗ್ಗಿ ಬರುವ ನೀರು. ಬಂಡೆಯ ಮೇಲೆ ಚಾಕುವಿನಿಂದ ಮೆತ್ತಿದ ದಪ್ಪ ಬಣ್ಣ ಕೈಗೆ ತರಿತರಿಯಾಗಿ ಸಿಗುವಂತಿದೆ. ಗುಹೆಯೊಳಗೆ ಮಾತ್ರ ಏನೂ ಇಲ್ಲ, ಬರೀ ಕಪ್ಪು.

ಸುಣ್ಣಕಲ್ಲು ತಿಳಿ ಬಣ್ಣದ್ದು. ಆದರೂ ಹೀಗೇಕೆ? ಒಳಗೆ ಹೋದ ಬೆಳಕು ಗೋಡೆಯಿಂದ ಗೋಡೆಗೆ ಬಡಿಯುತ್ತಾ ಅಲೆಯುತ್ತದೆ. ಪ್ರತಿ ಬಡಿತಕ್ಕೂ ಸುಂಕ ಕಟ್ಟಬೇಕು. ಗೋಡೆ 100ಕ್ಕೆ 40 ಪಾಲು ವಾಪಸ್ ಕೊಡುತ್ತದೆ ಅಂದುಕೊಳ್ಳಿ. ಎರಡನೇ ಬಡಿತಕ್ಕೆ ಉಳಿಯುವುದು 16, ಮೂರನೆಯದಕ್ಕೆ 6 ಚಿಲ್ಲರೆ, ನಾಲ್ಕನೆಯದಕ್ಕೆ 3ಕ್ಕೂ ಕಡಿಮೆ. ರಟ್ಟಿನ ಡಬ್ಬದ ಒಳಗೆಲ್ಲ ಬಿಳಿ ಕಾಗದ ಅಂಟಿಸಿ, ಮುಚ್ಚಿ, ಸಣ್ಣ ತೂತು ಕೊರೆದು ನೋಡಿ. ತೂತು ಕಪ್ಪಗೇ ಕಾಣುತ್ತದೆ. ಹಗಲಲ್ಲಿ ಬೀದಿಯಿಂದ ನೋಡಿದರೆ ಬಿಳಿ ಗೋಡೆಯ ಕೋಣೆಯ ಕಿಟಕಿಯೂ ಕಪ್ಪಗಿರುತ್ತದೆ ಅಲ್ವಾ, ಅದೇ ಲೆಕ್ಕ. ಜೊತೆಗೆ ಬಿಸಿಲಿಗೆ ಹೊಂದಿಕೊಂಡ ಕಣ್ಣಿಗೆ ಉಳಿದ ಚೂರು ಬೆಳಕೂ ಸಿಗುವುದಿಲ್ಲ. ಒಳಗೇನಿದೆ ಅಂತ ಗೊತ್ತಾಗದಿದ್ದಾಗ ಮನಸ್ಸು ಸುಮ್ನೆ ಕೂರುವುದಿಲ್ಲ. ಗರ್ಭ, ಸಾವು, ದೇವರು ಎಲ್ಲವನ್ನೂ ಅಲ್ಲಿ ತಂದು ಕೂರಿಸುತ್ತದೆ.

ಚೀನಾದಲ್ಲಿ ಕೂರಿಸಿದ್ದೇ ಬೇರೆ. ದಾವೋ ಪಂಥದವರಿಗೆ ಗುಹೆ ಅಂದರೆ ಇನ್ನೊಂದು ಲೋಕದ ಬಾಗಿಲು. 10 ದೊಡ್ಡ, 36 ಚಿಕ್ಕ 'ಗುಹಾಸ್ವರ್ಗ'ಗಳನ್ನು ಎಣಿಸಿಟ್ಟಿದ್ದರು. 14ನೇ ಶತಮಾನದಲ್ಲಿ ಚಿತ್ರಕಾರ ವಾಂಗ್ ಮೆಂಗ್ ಅಂಥದ್ದೇ ಒಂದನ್ನು, ತೈಹು ಸರೋವರದ ಲಿನ್‌ವು ಗುಹೆಯನ್ನು ಬರೆದ. ಹಾಳೆ ತುಂಬ ಬಂಡೆಯೋ ಬಂಡೆ. ಈ ಗುಹೆಗಳು ನೆಲದಡಿಯಲ್ಲಿ ಒಂದಕ್ಕೊಂದು ಕೂಡಿಕೊಂಡಿವೆ ಅಂತ ಅವರು ನಂಬಿದ್ದರು. ಸ್ವರ್ಗದ ಮಾತು ಹಾಗಿರಲಿ. ಸುಣ್ಣಕಲ್ಲಿನ ನಾಡಿನಲ್ಲಿ ನೆಲದಡಿಯ ದಾರಿಗಳು ಬರೀ ಕಲ್ಪನೆಯಲ್ಲ. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿ ಸ್ವಲ್ಪ ಹುಳಿಯಾಗುತ್ತದೆ, ಬಿರುಕುಗಳನ್ನು ಕರಗಿಸುತ್ತಾ ಸುರಂಗ ಮಾಡುತ್ತದೆ.

ಕೂರ್ಬೆಯ ಗುಹೆಯೂ ಹಾಗೇ. 1901ರ ಆಗಸ್ಟಿನಲ್ಲಿ ಪೊಂತಾರ್ಲಿಯೆ ಊರಿನ ಮದ್ಯದ ಕಾರ್ಖಾನೆಗೆ ಸಿಡಿಲು ಬಡಿದು ಬೆಂಕಿ ಬಿತ್ತು. ರಾಶಿ ರಾಶಿ ಆಬ್ಸಿಂತ್ ಮದ್ಯ ದೂ ನದಿಗೆ ಹರಿಯಿತು. ಮುಂದೆ ಅದರ ವಾಸನೆ ಬಂದದ್ದು ಬೇರೆ ನದಿಯಲ್ಲಿ, ಲೂ ನದಿಯ ಮೂಲದಲ್ಲಿ! 1910ರಲ್ಲಿ ಗುಹಾಶೋಧಕ ಮಾರ್ತೆಲ್ ದೂ ನದಿಗೆ ಫ್ಲೋರೆಸಿನ್ ಎಂಬ, ನೀರನ್ನು ಹಸಿರಾಗಿಸುವ ಬಣ್ಣ ಸುರಿಸಿ ಕಾದರು. ಕೂರ್ಬೆ ಏನನ್ನೂ ಬರೆಯದೆ ಬಿಟ್ಟಿದ್ದ ಆ ಕಪ್ಪು ಬಾಯಿಂದ ಹಸಿರು ನೀರು ಹರಿದು ಬಂತು.