ರಾತ್ರಿ ಹೊತ್ತಿಗೆ ಮನೆ ಸೇರುವ ಮಧ್ಯಾಹ್ನ

ರಾತ್ರಿ ಒಂಬತ್ತಾಗಿದೆ. ಹೊರಗೆ ಗಾಳಿ ತಣ್ಣಗಿದೆ, ಮನೆಯೊಳಗೆ ಮಾತ್ರ ಧಗೆ. ಒಂದು ಸ್ಟೂಲ್ ಹತ್ತಿ, ಮೇಲಿನ ಮಹಡಿಯ ಸೀಲಿಂಗ್‌ಗೆ ಅಂಗೈ ಒತ್ತಿ ನೋಡಿ. ಜ್ವರ ಬಂದವರ ಹಣೆಯ ಹಾಗೆ ಬೆಚ್ಚಗಿರುತ್ತದೆ. ಸೂರ್ಯ ಮುಳುಗಿ ಎಷ್ಟೋ ಹೊತ್ತಾಯಿತು. ಮತ್ತೆ ಈ ಬಿಸಿ ಎಲ್ಲಿಂದ ಬಂತು?

ಮಧ್ಯಾಹ್ನದ್ದೇ. ದಾರಿಯಲ್ಲಿ ತಡವಾಗಿದೆ, ಅಷ್ಟೇ.

ಕಾಂಕ್ರೀಟು ಬಿಸಿಯನ್ನು ತಡೆಯುವುದಿಲ್ಲ, ತಡ ಮಾಡುತ್ತದೆ. 15 ಸೆಂಟಿಮೀಟರ್ ದಪ್ಪದ ತಾರಸಿಯಾದರೆ ಮೇಲಿನ ಕಾವು ಕೆಳಗೆ ಮುಟ್ಟಲು ಸುಮಾರು 4 ಗಂಟೆ ಬೇಕು. ಸಾಲಾಗಿ ನಿಂತವರು ಕೈಯಿಂದ ಕೈಗೆ ನೀರು ದಾಟಿಸುವುದನ್ನು ನೆನೆಸಿಕೊಳ್ಳಿ. ಇಲ್ಲಿ ಪ್ರತಿಯೊಬ್ಬರೂ ಮೊದಲು ತಮ್ಮ ಕೊಡ ತುಂಬಿಸಿಕೊಂಡು ಆಮೇಲೆ ಮುಂದಿನವರಿಗೆ ಕೊಡುತ್ತಾರೆ. ಹಾಗಾಗಿ ತಡ. ಒಲೆಯಿಂದ ಇಳಿಸಿದ ಕಾವಲಿ ಆಮೇಲೂ ಸುಡುತ್ತದೆ ಅಲ್ವಾ? ತಾರಸಿಯೂ ಹಾಗೇ, ಸಂಜೆ ಕೆಳಗೆ ಮುಟ್ಟಿದ ಕಾವು ರಾತ್ರಿಯಾದರೂ ಆರುವುದಿಲ್ಲ. ನಾವು ಆ ಕಾವಲಿಯ ಕೆಳಗೆ ಹಾಸಿಗೆ ಹಾಸಿ ಮಲಗುತ್ತೇವೆ.

ಬಿಸಿಯಾದರೂ ಎಷ್ಟು? ನಡುನೆತ್ತಿಯ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಸುರಿಯುತ್ತದೆ. 100 ಚದರ ಮೀಟರಿನ ತಾರಸಿ ಅಂದರೆ ನೂರು ಹೀಟರುಗಳನ್ನು ಸೂರಿನ ಮೇಲೆ ಹಚ್ಚಿಟ್ಟ ಹಾಗೆ. ಅದನ್ನು ಒಳಗೆ ಬಿಟ್ಟುಕೊಂಡು ಆಮೇಲೆ ಏಸಿ ಹಾಕುವುದು ತೂತು ಮುಚ್ಚದೆ ದೋಣಿಯಿಂದ ನೀರು ಮೊಗೆಯುವ ಕೆಲಸ. ಏಸಿ ಬಿಸಿಯನ್ನು ನುಂಗುವುದೂ ಇಲ್ಲ. ತನ್ನ ಕರೆಂಟಿನ ಬಿಸಿಯನ್ನೂ ಸೇರಿಸಿ ಪಕ್ಕದ ಮನೆಯ ಕಿಟಕಿಗೆ ಊದುತ್ತದೆ.

ಹಾಗಾಗಿ ಹೊರಗೇ ತಡೆಯಬೇಕು. ಇದೇನು ಹೊಸ ಜ್ಞಾನವಲ್ಲ. ಬಿಸಿಲಿದ್ದ ಒಂದು ಬೆಳಗ್ಗೆ ಅಮೆರಿಕದ ವಿಜ್ಞಾನಿ, ರಾಜಕಾರಣಿ ಬೆಂಜಮಿನ್ ಫ್ರಾಂಕ್ಲಿನ್ ಹಿಮದ ಮೇಲೆ ಬೇರೆ ಬೇರೆ ಬಣ್ಣದ ಬಟ್ಟೆ ತುಂಡುಗಳನ್ನು ಹಾಸಿಟ್ಟರು. ಕೆಲವು ಗಂಟೆ ಬಿಟ್ಟು ನೋಡಿದರೆ ಕಪ್ಪು ತುಂಡು ಹಿಮ ಕರಗಿಸಿಕೊಂಡು ಆಳಕ್ಕೆ ಇಳಿದಿತ್ತು. ಬಿಳಿಯದು ಇಟ್ಟಲ್ಲೇ ಇತ್ತು. 1761ರ ಪತ್ರವೊಂದರಲ್ಲಿ ಇದನ್ನು ಹೇಳಿ, ಬೇಸಿಗೆಯ ಟೋಪಿ ಬಿಳಿ ಇರಲಿ ಅಂತಲೂ ಬರೆದರು. ತಾರಸಿ ಮನೆಯ ಟೋಪಿ ತಾನೇ?

‘ಹಾಗಾದರೆ ಫಳಫಳ ಹೊಳೆಯುವ ತಗಡು ಇನ್ನೂ ತಂಪು’ ಅನ್ನುವವರು ಬಹಳ. ಈ ಮಾತು ಕೇಳಿದಾಗಲೆಲ್ಲ ನನಗೆ ತಾಳ್ಮೆ ತಪ್ಪುತ್ತದೆ. ಸೂರಿಗೆ ಎರಡು ಕೆಲಸ ಇವೆ. ಬಂದ ಬಿಸಿಲನ್ನು ವಾಪಸ್ ಕಳಿಸುವುದು ಒಂದು. ಹೇಗೋ ಒಳಗೆ ಸೇರಿದ್ದನ್ನು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣವಾಗಿ ಆಕಾಶಕ್ಕೆ ಬಿಟ್ಟುಬಿಡುವುದು ಇನ್ನೊಂದು. ತಗಡು ಮೊದಲನೆಯದರಲ್ಲಿ ಪರವಾಗಿಲ್ಲ, ಎರಡನೆಯದರಲ್ಲಿ ಮಹಾ ಜಿಪುಣ. ಸೇರಿದ್ದು ಸ್ವಲ್ಪವೇ ಆದರೂ ಬಿಡದೆ ಕೂಡಿಟ್ಟುಕೊಳ್ಳುತ್ತದೆ. ಅದಕ್ಕೇ ಬಿಸಿಲಲ್ಲಿ ನಿಂತ ತಗಡು ಮುಟ್ಟಿದರೆ ಬೆರಳು ಚುರ್ ಅನ್ನುತ್ತದೆ. ಬಿಳಿ ಸುಣ್ಣದ್ದು ಎರಡರಲ್ಲೂ ಧಾರಾಳ ಕೈ. ಧೂಳು ಕೂತರೆ ಮಾತ್ರ ಗುಣ ಇಳಿಯುತ್ತದೆ, ಆಗಾಗ ತೊಳೀಬೇಕು. ಚಳಿ ಜಾಸ್ತಿ ಇರುವ ಊರುಗಳ ಲೆಕ್ಕ ಬೇರೆ. ಅಲ್ಲಿ ಬಿಸಿಲು ಬೇಕು, ಒಳಗಿನ ಬಿಸಿ ಹೊರಗೆ ಹೋಗಬಾರದು.

ಇಷ್ಟು ಸುಲಭವಾದರೆ ಎಲ್ಲರೂ ಯಾಕೆ ಮಾಡುವುದಿಲ್ಲ? ಬೆಳೆಯುವ ನಗರಗಳಲ್ಲಿ ಎಷ್ಟೋ ಸಲ ಮನೆ ಕಟ್ಟುವವರು ಒಬ್ಬರು, ಕರೆಂಟ್ ಬಿಲ್ ಕಟ್ಟುವವರು ಇನ್ನೊಬ್ಬರು. ಕಟ್ಟಿ ಮಾರಿ ಹೋಗುವವರಿಗೆ ರಾತ್ರಿ ಒಂಬತ್ತರ ಸೀಲಿಂಗ್ ಗೊತ್ತೇ ಆಗುವುದಿಲ್ಲ. ‘ದಯವಿಟ್ಟು ಪರಿಸರ ಉಳಿಸಿ’ ಎಂಬ ಬೋರ್ಡಿನಿಂದ ಇದು ಸರಿಹೋಗುವುದಿಲ್ಲ. ಕ್ಯಾಲಿಫೋರ್ನಿಯಾ 1978ರಲ್ಲಿ ಹೊಸ ಕಟ್ಟಡಗಳಿಗೆ ಇಂಧನ ಉಳಿತಾಯದ ನಿಯಮ ತಂದಿತು. ಪೂರೈಸದಿದ್ದರೆ ಕಟ್ಟಲು ಪರವಾನಗಿ ಇಲ್ಲ. ನನಗೆ ಸರಿ ಅನ್ನಿಸುವುದೂ ಇದೇ: ಪ್ಲಾನ್ ಇನ್ನೂ ಕಾಗದದ ಮೇಲಿರುವಾಗಲೇ ಸರ್ಕಾರ ಇದನ್ನು ಕೇಳಬೇಕು, ಬೇಕಿದ್ದರೆ ಚೆನ್ನಾಗಿ ಕಟ್ಟಿದವರಿಗೆ ತೆರಿಗೆಯಲ್ಲಿ ಒಂದಿಷ್ಟು ಬಿಡಲಿ. ಸುಣ್ಣವನ್ನೇನೋ ಯಾವಾಗ ಬೇಕಾದರೂ ಬಳಿಯಬಹುದು. ಆದರೆ ಪಡುವಣಕ್ಕೆ ಇಟ್ಟ ದೊಡ್ಡ ಗಾಜಿನ ಕಿಟಕಿ? ಸಂಜೆ ಬಿಸಿಲು ಕಿಟಕಿ ಮೇಲಿನ ಸಜ್ಜಾದ ಕೆಳಗೆ ನುಸುಳಿ ನೇರ ಒಳಗೇ ಬರುತ್ತದೆ. ಆಮೇಲೆ ಇಡೀ ಮನೆಯನ್ನು ಹಿಡಿದು ತಿರುಗಿಸುವುದಕ್ಕಾಗುತ್ತಾ?