ಕೆ.ಎಂ. ಮಾಣಿ: 13 ಗೆಲುವು, 13 ಬಜೆಟ್, ಒಂದು ತೀರ್ಪು

ರಾಜ್ಯ ಶಾಸಕಾಂಗದ ಪಾಠದಲ್ಲಿ ಶಾಸಕರ ವಿಶೇಷಾಧಿಕಾರಗಳನ್ನು ಹೇಳುವ ಸಂವಿಧಾನದ 194ನೇ ವಿಧಿಯನ್ನು ಬಾಯಿಪಾಠ ಮಾಡಿ ಮುಂದಕ್ಕೆ ಹೋಗುವವರೇ ಹೆಚ್ಚು. ಕೇರಳದ ಹಣಕಾಸು ಮಂತ್ರಿಯಾಗಿದ್ದ ಕೆ.ಎಂ. ಮಾಣಿ ಅವರ ರಾಜಕೀಯ ಬದುಕಿನ ಜೊತೆಗಿಟ್ಟು ಓದಿ ನೋಡಿ, ಅದು ಮರೆಯುವುದಿಲ್ಲ.

ಬದುಕು

ಜನನ 1933ರ ಜನವರಿ 30, ಕೋಟ್ಟಯಂ ಕಡೆಯ ರೈತ ಮನೆತನ. ಮದ್ರಾಸಿನಲ್ಲಿ ಕಾನೂನು ಓದಿ ವಕೀಲಿ ಶುರು ಮಾಡಿದರು. ಮೊದಲು ಕಾಂಗ್ರೆಸ್, 1964ರಲ್ಲಿ ಅದು ಒಡೆದು ಕೇರಳ ಕಾಂಗ್ರೆಸ್ ಹುಟ್ಟಿದ ಮೇಲೆ ಆ ಕಡೆ. 1965ರಲ್ಲಿ ಪಾಲಾ ಕ್ಷೇತ್ರದಿಂದ ಗೆದ್ದರು, ಆದರೆ ಕೂರಲು ಸದನವೇ ಇರಲಿಲ್ಲ! ಯಾರಿಗೂ ಬಹುಮತ ಬಾರದೆ, ಒಮ್ಮೆಯೂ ಸೇರದ ವಿಧಾನಸಭೆ ವಿಸರ್ಜನೆಯಾಯಿತು. (ಸೇರದ ಸಭೆಯನ್ನು ವಿಸರ್ಜಿಸಬಹುದೇ ಎಂಬ ಪ್ರಶ್ನೆ ಬಂದರೆ 2006ರ ರಾಮೇಶ್ವರ ಪ್ರಸಾದ್ ತೀರ್ಪು ನೆನಪಿರಲಿ. ವಿಸರ್ಜಿಸಬಹುದು, ಆದರೆ ಬಿಹಾರದಲ್ಲಿ ಮಾಡಿದ ರೀತಿ ಅಸಾಂವಿಧಾನಿಕ ಎಂದಿತು ಕೋರ್ಟು.)

1967ರಿಂದ 2019ರ ಏಪ್ರಿಲ್ 9ರಂದು ತೀರಿಕೊಳ್ಳುವವರೆಗೂ ಪಾಲಾ ಅವರದೇ. 1965ನ್ನೂ ಸೇರಿಸಿದರೆ 13 ಗೆಲುವು, ಒಂದೂ ಸೋಲಿಲ್ಲ. ರಬ್ಬರ್ ಬೆಳೆಗಾರರ ಆ ಸೀಮೆಯಲ್ಲಿ ಬೇರೂರಿದ ಪಕ್ಷ ಕೇರಳ ಕಾಂಗ್ರೆಸ್. 1979ರಲ್ಲಿ ಮತ್ತೆ ಒಡೆದಾಗ ಅವರ ಬಣಕ್ಕೆ ಕೇರಳ ಕಾಂಗ್ರೆಸ್ (ಎಂ) ಎಂಬ ಹೆಸರು ಬಂತು. ಬೆಳೆದಷ್ಟೂ ಒಡೆಯುವ, ಒಡೆದಷ್ಟೂ ಬೆಳೆಯುವ ಪಕ್ಷವೆಂದು ಅವರೇ ನಗುತ್ತಿದ್ದರು. ಚಿಕ್ಕ ಪಕ್ಷವಾದ್ದರಿಂದ ಮುಖ್ಯಮಂತ್ರಿ ಪಟ್ಟ ಸಿಗಲಿಲ್ಲ. ಆ ಪಕ್ಷವಿಲ್ಲದೆ ಮೈತ್ರಿಕೂಟ ನಿಲ್ಲುವುದು ಕಷ್ಟವಾದ್ದರಿಂದ ಹಣಕಾಸು ಖಾತೆ ಮತ್ತೆ ಮತ್ತೆ ಸಿಕ್ಕಿತು. ಗೆಲುವಿನ ಲೆಕ್ಕಕ್ಕಿಂತ ಈ ಚೌಕಾಶಿಯ ಬಲವೇ ಮೈತ್ರಿ ರಾಜಕಾರಣದ ಪ್ರಶ್ನೆಗೆ ಒಳ್ಳೆಯ ಉದಾಹರಣೆ.

2015ರ ಮಾರ್ಚ್ 13

ಬಾರ್ ಪರವಾನಗಿಗೆ 1 ಕೋಟಿ ರೂಪಾಯಿ ಲಂಚ ಪಡೆದರೆಂಬ ಆರೋಪ 2014ರಲ್ಲಿ ಬಂದಿತ್ತು, ಮಾಣಿ ಅಲ್ಲಗಳೆದಿದ್ದರು. ಅವರು ಬಜೆಟ್ ಮಂಡಿಸಕೂಡದೆಂದು ಆಗ ವಿರೋಧ ಪಕ್ಷದಲ್ಲಿದ್ದ ಎಡರಂಗದ ಹಟ. ಸ್ಪೀಕರ್ ಎನ್. ಶಕ್ತನ್ ಆಯ್ಕೆಯಾಗಿದ್ದು ಹಿಂದಿನ ದಿನವಷ್ಟೇ. ವಿರೋಧ ಪಕ್ಷದವರು ಪೀಠಕ್ಕೆ ನುಗ್ಗಿದರು. ಕುರ್ಚಿ, ಮೈಕು, ಕಂಪ್ಯೂಟರುಗಳು ಚೆಲ್ಲಾಪಿಲ್ಲಿ. ಗದ್ದಲದ ನಡುವೆಯೇ ಮಾಣಿ ಒಂದಿಷ್ಟು ಓದಿ, ಉಳಿದದ್ದನ್ನು ಮೇಜಿನ ಮೇಲಿಟ್ಟರು. ಅದು ಅವರ 13ನೇ ಬಜೆಟ್. ರಬ್ಬರ್‌ಗೆ ಕಿಲೋಗೆ 150 ರೂಪಾಯಿ ಖಾತ್ರಿಪಡಿಸುವ 300 ಕೋಟಿಯ ಯೋಜನೆ ಅದರಲ್ಲಿತ್ತು, ಆ ದಿನ ಕಿವಿಗೊಟ್ಟವರು ಯಾರು?

ಲಂಚದ ಪ್ರಕರಣದಲ್ಲಿ ಹೈಕೋರ್ಟಿನ ಕಟುಮಾತಿನ ನಂತರ ಅದೇ ನವೆಂಬರ್ 10ರಂದು ಮಾಣಿ ರಾಜೀನಾಮೆ ಕೊಟ್ಟರು. 2016ರಲ್ಲಿ ಪಾಲಾದಲ್ಲಿ ಗೆದ್ದದ್ದು 4,703 ಮತಗಳಿಂದ ಮಾತ್ರ.

ತೀರ್ಪು: ಕೇರಳ ರಾಜ್ಯ ವಿರುದ್ಧ ಕೆ. ಅಜಿತ್, 2021ರ ಜುಲೈ 28

ಆ ದಿನದ ಗದ್ದಲಕ್ಕೆ ಎಡರಂಗದ ಆರು ಶಾಸಕರ ಮೇಲೆ ಸಾರ್ವಜನಿಕ ಆಸ್ತಿ ಹಾನಿಯ ಮೊಕದ್ದಮೆ ಬಿತ್ತು. ನಷ್ಟ 2,20,093 ರೂಪಾಯಿ. ಅಧಿಕಾರಕ್ಕೆ ಬಂದ ಎಡರಂಗ ಸರ್ಕಾರ, ದಂಡ ಪ್ರಕ್ರಿಯಾ ಸಂಹಿತೆಯ 321ನೇ ಕಲಮಿನಡಿ ಅದನ್ನು ಹಿಂಪಡೆಯಲು ಹೊರಟಿತು. ಸದನದಲ್ಲಿ ನಡೆದದ್ದಕ್ಕೆ ವಿಶೇಷಾಧಿಕಾರದ ರಕ್ಷಣೆಯಿದೆ ಎಂಬುದು ವಾದ.

ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಶಾಸಕನು ತನ್ನ ಕೆಲಸ ಮಾಡಲು ಎಷ್ಟು ಅಗತ್ಯವೋ ಅಷ್ಟಕ್ಕೇ ವಿಶೇಷಾಧಿಕಾರ. ಮಾತಿಗೂ ಮತಕ್ಕೂ ರಕ್ಷಣೆಯುಂಟು. ಮೇಜು ಮುರಿಯುವುದು ಪ್ರತಿಭಟನೆಯ ಭಾಷೆಯಲ್ಲ, ಅದಕ್ಕೆ ಸಾಮಾನ್ಯ ಕ್ರಿಮಿನಲ್ ಕಾನೂನೇ ಅನ್ವಯ. ಮೊಕದ್ದಮೆ ಹಿಂಪಡೆಯುವುದೂ ನ್ಯಾಯದ ಹಿತಕ್ಕಾಗಿರಬೇಕು.

ತಮಾಷೆಯೆಂದರೆ, ತೀರ್ಪು ಬರುವ ಹೊತ್ತಿಗೆ ಮಾಣಿಯವರ ಮಗನ ಬಣ ಎಡರಂಗದಲ್ಲೇ ಇತ್ತು, ಆರೋಪಿಗಳಲ್ಲೊಬ್ಬರು ಮಂತ್ರಿಯಾಗಿದ್ದರು.

ಪರೀಕ್ಷೆಗೆ ಇದರ ಜೊತೆಗೇ 2024ರ ಸೀತಾ ಸೊರೇನ್ ತೀರ್ಪು ಓದಿ. ಲಂಚ ಪಡೆದು ಸದನದಲ್ಲಿ ಮತ ಹಾಕಿದ ಶಾಸಕನಿಗೆ 194(2)ರ ರಕ್ಷಣೆಯಿಲ್ಲವೆಂದು ಏಳು ನ್ಯಾಯಮೂರ್ತಿಗಳ ಪೀಠ ಹೇಳಿ, 1998ರ ಪಿ.ವಿ. ನರಸಿಂಹ ರಾವ್ ತೀರ್ಪನ್ನು ತಳ್ಳಿಹಾಕಿತು.